ರೇಣವ್ವನ ಹೆಸರು ಪೇಪರಿನ್ಯಾಗ ಬಂದದ್ದು

ಪೇಪರಿನ್ಯಾಗ ಹೆಸರು ಬರಬೇಕಂದ್ರ ಒಂದ ದೊಡ್ಡ ಮನಶ್ಯಾ ಆಗಿರಬೇಕು, ಇಲ್ಲಾ ಲಾರಿ ಕೆಳಗ ಸಿಗಬೇಕು. ನಡುವಿನವರ ಪಾಲಿಗೆ ಇರೂದು ಒಂದ ಶಬ್ದ, "ಮತ್ತಿತರರು". ಕೆರೂರ ರೇಣವ್ವ ಎಷ್ಟೋ ಸಲ ಪೇಪರಿಗೆ ಬಂದಾಳ, ಸುಳ್ಳಲ್ಲ. ಆದ್ರ ಬಂದಾಗೆಲ್ಲಾ ಮತ್ತಿತರರು ಆಗೇ ಬಂದಾಳ. ಬೀರಪ್ಪನ ಗುಡಿ ಮುಂದ ಡೊಳ್ಳಿನ ಪದ ಹಿಡದ್ಲಂದ್ರ ಊರ ಮಂದಿ ಹಾಸಿದ ಕಂಬಳಿ ಬಿಟ್ಟು ಏಳ್ತಿರಲಿಲ್ಲ. ಮರುದಿನದ ಪೇಪರಿನ್ಯಾಗ ಯಾರು ದೀಪ ಹಚ್ಚಿದ್ರು, ಯಾರು ಅಧ್ಯಕ್ಷತೆ ವಹಿಸಿದ್ರು, ಯಾರು ವಂದಿಸಿದ್ರು, ಎಲ್ಲಾ ಇರ್ತಿತ್ತು. ಹಾಡಿದಾಕಿ ಇರ್ತಿರಲಿಲ್ಲ. ಮ್ಯಾಳದವರು ಬಂದ್ರು, ಹಾಡಿದ್ರು, ಉಂಡ್ರು, ಹೋದ್ರು. ಯಾರಿಗೆ ಏನು ಬಿದ್ದೈತಿ?

ರೇಣವ್ವಗ ಅದರ ಖಬರೂ ಇರಲಿಲ್ಲ, ಬ್ಯಾಸರಾನೂ ಇರಲಿಲ್ಲ. ಗಂಡ ಲಕ್ಷ್ಮಪ್ಪ ಡೊಳ್ಳು ಬಾರಸಾಂವ, ಅಕಿ ಕಿವಿ ಮ್ಯಾಲ ಒಂದ ಕೈ ಇಟ್ಟು ಹಾಡಾಕಿ. ಹಗಲು ಕುರಿ, ಹೊಲ, ಮನಿ. ಹೊಟ್ಟಿ ಉರೀತಿದ್ದದ್ದು ಮಗಳು ಸುಧಾರಾಣಿದು.

ಈ ಹುಡುಗಿ ಬಾದಾಮಿ ಬಸ್ ಸ್ಟ್ಯಾಂಡ್ ಹತ್ರ ಒಂದ ಝರಾಕ್ಸ್ ಅಂಗಡ್ಯಾಗ ಕೆಲಸಕ್ಕ ಹೋಗ್ತಿದ್ಲು. ಅರ್ಜಿ ಟೈಪ್ ಮಾಡೂದು, ಆಧಾರ ಕಾರ್ಡ್ ತಿದ್ದೂದು, ಪರೀಕ್ಷಾ ರಿಜಲ್ಟ್ ತಗದು ಕೊಡೂದು. ಸಂಜಿ ಮುಂದ ನಿಂಗರಾಜ ಅನ್ನಾಂವ ಬರ್ತಿದ್ದ. ಅಂವ ಒಂದ ಪೇಪರಿಗೆ ತಾಲೂಕಿನ ಸುದ್ದಿ ಕಳಸಾಂವ. ಸ್ವಂತ ಕಂಪ್ಯೂಟರ್ ಇಲ್ಲ; ಅಂವ ಹೇಳ್ತಿದ್ದ, ಇಕಿ ಟೈಪ್ ಮಾಡ್ತಿದ್ಲು. ಹಿಂಗಾಗಿ ಸುದ್ದಿ ಹೆಂಗ ಹುಟ್ಟತೈತಿ ಅನ್ನೂದನ್ನ ಸುಧಾರಾಣಿ ಕಣ್ಣಾರೆ ಕಂಡಿದ್ಲು. ಬಾಣಂತಿ ಕೋಣಿ ಬಾಗಲಾ ತಗದ ನೋಡಿದಂಗ ಆತು ಅಕಿಗೆ. ಸುದ್ದಿ ಅಂದ್ರ ದೇವರು ಬರೀತಾನ ಅಂತ ತಿಳಕೊಂಡಿದ್ಲು ಪಾಪ. ಯಾರೋ ಒಬ್ಬರು ಬರದು ಕೊಟ್ಟದ್ದನ್ನ ಇನ್ನೊಬ್ಬರು ಕತ್ತರಿಸಿ ಹಾಕ್ತಾರ, ಅಷ್ಟ. ಹಂಗಾರ ನಮ್ಮವ್ವನ ಬಗ್ಗೆ ನಾನ ಬರದ್ರ ಏನಾತು, ಅಂತ ಅಕಿ ತಲ್ಯಾಗ ಹೊಕ್ಕಿತು.

ಹೊಕ್ಕದ್ದು ಅಲ್ಲೇ ಕುಂಡ್ರಾಕ ಕಾರಣ ಬ್ಯಾರೆ ಇತ್ತು. ಆ ಮಳಗಾಲದಾಗ ರೇಣವ್ವನ ದನಿ ಒಡದು ಒಡದು ಬರಾಕ ಹತ್ತಿತ್ತು. ಬಾಗಲಕೋಟಿ ದವಾಖಾನ್ಯಾಗ ಗಂಟಲದಾಗ ನಳಗಿ ಬಿಟ್ಟು ನೋಡಿದ ಡಾಕ್ಟರು, ದನಿ ಹುಟ್ಟೂ ಜಾಗಾದಾಗ ಗುಳ್ಳಿ ಎದ್ದು ರಕ್ತ ತುಂಬೇತಿ ಅಂದ್ರು. ದೀಪಾವಳಿ ಆದಮ್ಯಾಲ ಆಪರೇಶನ್ ಮಾಡೂದು. ಅಲ್ಲೀತನಕ ಹಾಡೂದು ಬ್ಯಾಡ, ಒದರೂದು ಬ್ಯಾಡ. ಪಥ್ಯ ಮಾಡಿದ್ರ ಮತ್ತ ಹಾಡಬಹುದು, ಖಾತ್ರಿ ಕೊಡಾಕ ಬರೂದಿಲ್ಲ. ಮಾತ ಕೇಳದ ಹಾಡಿದ್ರ ಮಾತ್ರ ಮಾತಾಡೂ ದನಿನೂ ಹೋದೀತು ಅಂತ ಎದುರಿಗೇ ಕುಂಡ್ರಿಸಿ ಹೇಳಿದ್ರು. ರೇಣವ್ವ ಹೂಂ ಅಂತ ಗೋಣು ಹಾಕಿದ್ಲು. ಅಂದಿನಿಂದ ಕುರಿ ಕರ್ಯಾಕೂ ಚಪ್ಪಾಳಿ ತಟ್ಟತಿದ್ಲು.

ಸುಧಾರಾಣಿ ಎದಿಯಾಗ ಅದೊಂದು ಹೆದರಿಕಿ ಕುಂತಬಿಟ್ಟಿತು. ಆಪರೇಶನ್ ಆಗಿ ದನಿ ಬರಲಿಲ್ಲಂದ್ರ? ಇಂಥಾಕಿ ಒಬ್ಬಾಕಿ ಹಾಡ್ತಿದ್ಲು ಅಂತ ಒಂದ ಪೇಪರಿನ್ಯಾಗ ಒಂದ ಸಾಲೂ ಇಲ್ಲದ ಹೋಗತೈತಿ. ದೀಪಾವಳಿ ಒಳಗ ಅವ್ವನ ಹೆಸರು, ಅವ್ವನ ಫೋಟೋ ಬರಬೇಕು. ಅವ್ವ ಅದನ್ನ ಕೈಯಾಗ ಹಿಡೀಬೇಕು. ಬ್ಯಾರೆ ಏನೂ ಬೇಕಾಗಿರಲಿಲ್ಲ ಅಕಿಗೆ.

ಮೊದಲನೇ ಸಲ ಬರದದ್ದು ಓದಿ ನಿಂಗರಾಜ ಹೊಟ್ಟಿ ಹಿಡಕೊಂಡು ನಕ್ಕ. ಗಾನಕೋಗಿಲೆ, ಜಾನಪದ ಸಿರಿ, ಹಾಲುಮತದ ಹಣತಿ, ಇದ್ದಬದ್ದ ಬಿರುದೆಲ್ಲಾ ಹೇರಿದ್ಲು. ಎತ್ತಿಗೆ ಹೊರಲಾರದಷ್ಟು ಜೂಲಾ ಹಾಕಿದಂಗ ಆಗೇತಿ, ಎಲ್ಲಾ ಕಿತ್ತಿ ಒಗಿ ಅಂದ. ಆದ್ರ ನಿಂಗರಾಜ ಕೆಟ್ಟ ಮನಶ್ಯಾ ಅಲ್ಲ. ಕುಂತು ಕಲಸಿದ. ನಾಕ ಸಾಲು ಸಾಕು. ಮೊದಲನೇ ಸಾಲಿನ್ಯಾಗ ಯಾರು, ಎಲ್ಲಿ, ಏನು ಅನ್ನೂದು ಬರಬೇಕು. ಶಾಲು ಹೊದಿಸಿದ ಫೋಟೋ ಕಳಸಬ್ಯಾಡ, ಶಾಲಿನವರು ದಿನಾ ನೂರಾರು ಬರ್ತಾರ. ಹಾಡೂ ಮುಂದಿನ ಫೋಟೋ ಕಳಸು. ಎಲ್ಲಾಕಿಂತ ಹೆಚ್ಚಿಂದು, ಇದನ್ನ ಇವತ್ತ ಯಾಕ ಹಾಕಬೇಕು ಅನ್ನೂದಕ್ಕ ಒಂದ ಕಾರಣ ಕೊಡು. ಕಾರಣ ಇಲ್ಲದ ಸುದ್ದಿ ನಾಳೆಗೆ ಅಂತ ಹೋಗತೈತಿ, ಆ ನಾಳೆ ಬರೂದ ಇಲ್ಲ.

ಬೀರಪ್ಪನ ಗುಡಿ ಮುಂದ ಹಾಡಿದ ಫೋಟೋ ಜೋಡಿಸಿ ಅಂವ ತನ್ನ ಪೇಪರಿಗೆ ಕಳಿಸಿದ. ಬಂತು. ಒಂದ ಗೇಣು ಜಾಗಾದಾಗ ಗುಡಿ ಕಮಿಟಿಯವರ ಹೆಸರು ಸಾಲಾಗಿ ಕುಂತಿದ್ವು. ಫೋಟೋದಾಗ ರೇಣವ್ವನ ಮಣಕೈ ಅಷ್ಟ ಉಳದಿತ್ತು. ಸುಧಾರಾಣಿ ಕೈ ಕೈ ಹಿಸಗೊಂಡ್ಲು. ಲಕ್ಷ್ಮಪ್ಪ ಮಾತ್ರ, ಮಣಕೈ ನಮ್ಮದ ಐತಲ್ಲ, ಬಳಿ ನೋಡಿದ್ರ ಗುರುತು ಸಿಗತೈತಿ ಅಂತ ಓಣಿ ತುಂಬ ತೋರಿಸಿ ಬಂದ. ಇಂಥಾ ಗಂಡಸರಿಗೆ ಏನ ಹೇಳೂದು.

ಇನ್ನ ತಾಲೂಕಿನ ಸಹವಾಸ ಬ್ಯಾಡ ಅಂತ ಅಕಿ ಬಾಗಲಕೋಟಿಗೆ ಕೈ ಹಾಕಿದ್ಲು. ಒಂದ ದೊಡ್ಡ ಪೇಪರಿನ ಐತವಾರದ ಪುರವಣಿಗೆ ಗೀತಾಂಜಲಿ ಅನ್ನಾಕಿ ಕಲಾವಿದರ ಬಗ್ಗೆ ಬರೀತಿದ್ಲು. ಅಕಿ ಬರದದ್ದನ್ನೆಲ್ಲಾ ಹುಡಿಕಿ ಹುಡಿಕಿ ಓದಿ, ಗೀತಾಂಜಲಿಗೆ ಎಂಥಾ ಮಂದಿ ಮ್ಯಾಲ ಮನಸ್ಸು ಅಂತ ಸುಧಾರಾಣಿ ತಿಳಕೊಂಡ್ಲು. ಮೇಲ್ ವಿಳಾಸಕ್ಕ ನಾಕ ಸಾಲು ಬರದು, ಹಳೇ ಫೋನಿನ್ಯಾಗ ಹಿಡದಿದ್ದ ಅವ್ವನ ಒಂದ ಹಾಡು ಜೋಡಿಸಿ, ತನ್ನ ನಂಬರ್ ಹಾಕಿದ್ಲು. ಉತ್ತರ ಇಲ್ಲ. ಸಿಟ್ಟು ಮಾಡಲಿಲ್ಲ. ವಾರ ಬಿಟ್ಟು ಇನ್ನೊಂದ ಸಲ, ನೆನಪಿಗೆ ಅಂತ, ಬರದ್ಲು. ಅಳದಿದ್ರ ಹಡದಾಕಿನೂ ಹಾಲು ಕೊಡೂದಿಲ್ಲ ಅಂತಾರಲ್ಲ, ಹಂಗ.

ಎರಡನೇ ಸಲ ಬರಿಯೂ ಮುಂದ ಒಂದ ಮಾತು ಸೇರಿಸಿದ್ಲು. ಹಾಡೂದು ಬಿಟ್ಟಾಕಿ ಬಗ್ಗೆ ಯಾರು ಬರೀತಾರ ಅನಿಸಿತ್ತು ಅಕಿಗೆ. ಅದಕ್ಕ, "ರೇಣವ್ವ ಇವತ್ತಿಗೂ ಬೆಳತನಕ ಹಾಡ್ತಾರೆ" ಅಂತ ಟೈಪ್ ಮಾಡಿದ್ಲು. ಗುಳ್ಳಿ ಸುದ್ದಿ, ದವಾಖಾನಿ ಸುದ್ದಿ ತಗೀಲೇ ಇಲ್ಲ. ದೊಡ್ಡ ಸುಳ್ಳೇನಲ್ಲ, ಎರಡ ತಿಂಗಳ ಹಿಂದ ಖರೇನ ಇತ್ತಲ್ಲ ಅಂತ ತನಗ ತಾನ ಸಮಾಧಾನ ಹೇಳಕೊಂಡು ಕಳಸು ಅನ್ನೂದನ್ನ ಒತ್ತಿದ್ಲು. ಈ ಸಲ ಗೀತಾಂಜಲಿ ಫೋನ್ ಬಂತು. ಐತವಾರ ಮುಂಜಾನಿ ಬರ್ತೇವಿ ಅಂದ್ಲು.

ಆ ಐತವಾರ ಮನಿ ಮುಂದಿನ ಅಂಗಳ ಸಾರಿಸಿದ್ರು. ಅವ್ವಗ ಮಾತ್ರ ಸುಧಾರಾಣಿ ಮೊದಲ ಹೇಳಿಟ್ಟಿದ್ಲು: ಮಾತು ಕಡಿಮಿ ಆಡು, ನಾ ಹೇಳ್ತೇನಿ, ನೀ ಕುಂಡ್ರು ಸಾಕು, ಹಾಡೂದೇನಿಲ್ಲ. ಗೀತಾಂಜಲಿ ಬಂದ್ಲು, ಜೋಡಿ ಫೋಟೋ ತಗ್ಯಾಕ ಖಾದರಬಾಷಾ ಬಂದ. ಭಾಳ ಹೊತ್ತು ಎಲ್ಲಾ ಚಲೋ ನಡೀತು. ಗೀತಾಂಜಲಿ ಬಾಯಿ ಮುಚಕೊಂಡು ಕೇಳೂ ಪೈಕಿ ಹೆಣ್ಣಮಗಳು. ಸುಧಾರಾಣಿ ಹೇಳಿದ್ಲು, ರೇಣವ್ವ ನಡುನಡುವ ಮೆಲ್ಲಕ ಒಂದೆರಡು ಮಾತಾಡಿದ್ಲು. ಅವ್ವನ ಮುಖದ ಮ್ಯಾಲ ಹಿಂದ ಎಂದೂ ಕಾಣದ ಒಂದ ನಾಚಿಗಿ ಇತ್ತು. ತನ್ನ ಬಗ್ಗೆ ಕೇಳಾಕ ಯಾರೋ ಬಾಗಲಕೋಟಿಯಿಂದ ಬಂದಾರ ಅಂದ್ರ ಸಣ್ಣ ಮಾತೇನ್ರಿ?

ಲಕ್ಷ್ಮಪ್ಪ ಕೆಡಿಸಿದ. ಪೇಪರಿನವರು ಬಂದಾರ, ದೊಡ್ಡ ಮಂದಿ, ಮರ್ಯಾದಿ ಆಗಬೇಕಂತ ಒಳಗಿಂದ ಡೊಳ್ಳು ತಂದು ಅಂಗಳದಾಗ ಇಟ್ಟು, ಯಾರಿಗೂ ಕೇಳದ ಅದರ ಮ್ಯಾಲ ಮುಷ್ಟಿ ತುಂಬ ಭಂಡಾರ ಎರಚಿದ. ಅರಿಷಿಣದ ಆ ಪುಡಿ ಬೀಳೂತನಕ ಡೊಳ್ಳು ಅಂದ್ರ ತೊಗಲು, ಕಟ್ಟಿಗಿ. ಬಿದ್ದಮ್ಯಾಲ ಅದು ಬೀರಪ್ಪ. ಅವರ ಮ್ಯಾಳದಾಗ ಹಿರಿಯರಿಂದ ಬಂದ ರಿವಾಜು ಒಂದ ಐತಿ: ಭಂಡಾರ ಬಿದ್ದ ಡೊಳ್ಳಿನ ಮುಂದ ಹಾಡಾಕ ಅಂತ ಬಾಯಿ ತಗದ್ರ ಹಾಡ ಬರಬೇಕು. ಸುಳ್ಳ ಬಾಯಿ ತಗ್ಯಾಂಗಿಲ್ಲ. ಹಾಡು ಕಲಿಯೂ ಹುಡುಗ್ಯಾರಿಗೂ ಮೊದಲ ಇದನ್ನ ಹೇಳ್ತಾರ.

ಖಾದರಬಾಷಾ ತನ್ನ ಕೆಲಸ ತಾ ಮಾಡಿದ. ಡೊಳ್ಳಿನ ಬಾಜೂ ರೇಣವ್ವನ್ನ ನಿಂದರಿಸಿ, ಕಿವಿ ಮ್ಯಾಲ ಕೈ ಇಡ್ರಿ ಅಂದ, ಇಟ್ಲು. ಸುಮ್ನ ಹಾಡಿದಂಗ ಬಾಯಿ ತಗೀರಿ, ಹಾಡಬ್ಯಾಡ್ರಿ, ಫೋಟೋಕ್ಕ ಅಷ್ಟ ಅಂದ. ರೇಣವ್ವ ತಗೀಲಿಲ್ಲ. ಇನ್ನೊಂದ ಸಲ ಹೇಳಿದ, ತಗೀಲಿಲ್ಲ. ಡೊಳ್ಳು ನೋಡಿದ್ಲು, ಗಂಡನ್ನ ನೋಡಿದ್ಲು. ಲಕ್ಷ್ಮಪ್ಪಗ ಆಗ ತಾ ಏನ ಮಾಡೇನಿ ಅನ್ನೂದು ಹೊಳೀತು, ಮುಖ ಸಣ್ಣ ಮಾಡಕೊಂಡ. ಚೆಲ್ಲಿದ ಭಂಡಾರ ಒರಸಾಕ ಬರತೈತೇನು?

ಗೀತಾಂಜಲಿ ಶ್ಯಾಣ್ಯಾಕಿ. ಏನೋ ಸರಿ ಇಲ್ಲ ಅಂತ ಗುರುತು ಹಿಡದು, ಸುಧಾರಾಣಿ ಕಡೆ ತಿರುಗಿ ಕೇಳಿದ್ಲು.

"ಅವ್ವಾರಿಗೆ ಆರಾಮಿಲ್ಲೇನು? ಹಂಗಿದ್ರ ಹೇಳ್ರಿ, ಇನ್ನೊಂದ ಸಲ ಬರ್ತೇವಿ."

ಬಾಗಲಾ ತಗದ ಇಟ್ಟಂಗ ಇತ್ತು ಆ ಮಾತು. ಹೌದ್ರಿ ಅಂದಿದ್ರ ಮುಗೀತಿತ್ತು. ಆದ್ರ ಹೌದು ಅಂದ್ರ ಬರದು ಕಳಿಸಿದ್ದು ಸುಳ್ಳಾಗತೈತಿ. ಸುಳ್ಳು ಬರದಾಕಿ ಮನಿಗೆ ಮತ್ತ ಯಾರು ಬರ್ತಾರ? ಇನ್ನೊಂದ ಸಲ ಅನ್ನೂದೂ ಪೇಪರಿನವರ ನಾಳೆ ಇದ್ದಂಗ. ಇಷ್ಟೆಲ್ಲಾ ಆ ಹುಡುಗಿ ತಲ್ಯಾಗ ಒಂದ ಉಸರಿನ್ಯಾಗ ಓಡಿತು. ಅವ್ವ ಅಕಿ ಬಾಯಿನ ನೋಡಕೋತ ನಿಂತಿದ್ಲು.

"ಏನಿಲ್ಲರಿ," ಅಂದ್ಲು ಸುಧಾರಾಣಿ. "ಚೂರು ನೆಗಡಿ ಆಗೇತಿ."

ರೇಣವ್ವ ಮಗಳ ಮಾತು ಕೇಳಿದ್ಲು. ಅದನ್ನ ಉಳಿಸಬೇಕಂದ್ರ ಬಾಯಿ ತಗೀಬೇಕು, ತಗದ್ರ ಹಾಡಬೇಕು. ಸೆರಗು ತಲಿ ಮ್ಯಾಲ ಸರಿ ಮಾಡಕೊಂಡ್ಲು. ಲಕ್ಷ್ಮಪ್ಪ ಬ್ಯಾಡ ಅಂತ ಕೈ ಮಾಡಿದ, ಅಕಿ ಅಂವನ್ನ ನೋಡಲಿಲ್ಲ. ಹಾಡಿದ್ಲು.

ಏನ ಹೇಳಲಿ. ಎರಡ ತಿಂಗಳು ಮುಚ್ಚಿಟ್ಟ ದನಿ ಅದು. ಮೊದಲನೇ ನುಡಿ ಹಂಗ ಎದ್ದ ಬಂತು, ಎಲ್ಲೂ ಒಡೀಲಿಲ್ಲ, ಬಾಜೂ ಮನಿಯವರು ರೊಟ್ಟಿ ಬಿಟ್ಟು ಹೊರಗ ಬಂದ್ರು. ಗೀತಾಂಜಲಿ ಬರಿಯೂದು ನಿಂದರಿಸಿದ್ಲು. ಸುಧಾರಾಣಿಗೆ ಒಂದ ಗಳಿಗಿ, ಡಾಕ್ಟರ ಸುಳ್ಳ ಹೇಳ್ಯಾರ, ಏನೂ ಆಗಿಲ್ಲ ಅನಿಸಿತು. ಖಾದರಬಾಷಾ ಫೋಟೋ ತಗಕೋತ ಇದ್ದ. ಎರಡನೇ ನುಡಿ ಮ್ಯಾಲಕ್ಕ ಒಯ್ಯೂ ಹೊತ್ತಿಗೆ ದನಿ ಕಟ್ ಅಂತ ನಿಂತು ಹೋತು. ರೇಣವ್ವ ಕೆಮ್ಮಿ, ಸೆರಗಿಲೆ ಬಾಯಿ ಒರಸಕೊಂಡು, ಆ ಸೆರಗು ಮಡಚಿ ಮುಷ್ಟ್ಯಾಗ ಹಿಡಕೊಂಡ್ಲು. ನಗಿಮುಖ ಮಾಡಿ ಕೈ ಮುಗದ್ಲು. ಬಂದವರು ಚಾ ಕುಡದು, ಭಾಳ ಸಂತೋಷ ಆತು ಅಂತ ಹೇಳಿ ಹೋದ್ರು. ಮಡಚಿದ ಸೆರಗಿನ್ಯಾಗ ರಕ್ತ ಇತ್ತು.

ಡಾಕ್ಟರು ಈ ಸಲ ಬಯ್ಯಲೂ ಇಲ್ಲ. ಒಳಗ ಹರದೈತಿ, ಆಪರೇಶನ್ ಮಾಡೂದು ಮಾಡೋಣ, ಆದ್ರ ಹಾಡಿನ ಆಸೆ ಬಿಡ್ರಿ, ಮಾತೂ ಪಿಸುಪಿಸು ಬಂದ್ರ ಬಂತು ಅಂದ್ರು. ಬಸ್ಸಿನ್ಯಾಗ ಬರಬೇಕಾದ್ರ ಸುಧಾರಾಣಿ ಅವ್ವನ ತೊಡಿ ಮ್ಯಾಲ ತಲಿ ಇಟ್ಟು ಅತ್ಲು. ತಪ್ಪಾತವ್ವ ಅಂದ್ಲು. ರೇಣವ್ವ ಅಕಿ ಕೂದಲಾ ನೇವರಿಸಿದ್ಲು. ಬಿಡು ಅಂದ್ಲೋ, ಏನ ಅಂದ್ಲೋ, ಬಸ್ಸಿನ ಸಪ್ಪಳದಾಗ ತಿಳೀಲಿಲ್ಲ.

ಮುಂದಿನ ಐತವಾರ ಪುರವಣಿ ಬಂತು. ಅರ್ಧ ಪುಟ. ತಲಿ ಮ್ಯಾಲ ಸೆರಗು, ಕಿವಿ ಮ್ಯಾಲ ಕೈ, ತಗದ ಬಾಯಿ, ಬಾಜೂ ಹಳದಿ ಡೊಳ್ಳು. ಮ್ಯಾಲ ದಪ್ಪ ಅಕ್ಷರದಾಗ, "ಇಂದಿಗೂ ಇಳಿಯದ ದನಿ ಕೆರೂರಿನ ರೇಣವ್ವ". ಗೀತಾಂಜಲಿ ಮನಸ್ಸ ಹಾಕಿ ಬರದಿದ್ಲು, ಒಂದ ಸಾಲು ತಪ್ಪು ಹುಡಕಾಂಗಿರಲಿಲ್ಲ. ಎಲ್ಲೂ ಮತ್ತಿತರರು ಇರಲಿಲ್ಲ. ಕೆಳಗ ಸುಧಾರಾಣಿ ಫೋನ್ ನಂಬರೂ ಹಾಕಿದ್ರು. ಸುಧಾರಾಣಿ ಓದಿ ಹೇಳಿದ್ಲು. ರೇಣವ್ವ ಕಟ್ಟಿ ಮ್ಯಾಲ ಕುಂತು ಕೇಳಿ, ಫೋಟೋದಾಗಿನ ತನ್ನ ಬಾಯಿ ಮ್ಯಾಲ ಬೆರಳಾಡಿಸಿದ್ಲು.

ಅವತ್ತ ಫೋನ್ ಮ್ಯಾಲ ಫೋನ್. ಇಳಕಲ್ಲಿನಿಂದ ಬಂತು, ಹುನಗುಂದದಿಂದ ಬಂತು, ಗುರುತಿಲ್ಲದ ಊರಿಂದ ಬಂತು. ಕೆಲವರು ಬರೇ ಚಲೋ ಆತು ಅಂತ ಹೇಳಾಕ ಮಾಡಿದ್ರು. ಸುಧಾರಾಣಿ ಎಲ್ಲಾರಿಗೂ ಹೂಂ ಹೂಂ ಅಂದು ಇಡ್ತಿದ್ಲು, ಖರೆ ಹೇಳಾಕ ಬಾಯಿ ಬರಲಿಲ್ಲ. ಅಕಿ ನೀರಿಗೆ ಅಂತ ಒಳಗ ಹೋದಾಗ ಮತ್ತ ಬಂತು. ರೇಣವ್ವನೇ ಎತ್ತಿ ಕಿವಿಗೆ ಹಿಡದ್ಲು.

ಆ ಕಡೆ ಒಂದ ಹೆಣ್ಣ ದನಿ. ಹುನಗುಂದದ ಮಹಿಳಾ ಸಂಘದಿಂದ ಅಂತ ಹೇಳಿದ್ಲು. ನಾವು ಹೆಂಗಸರ ಕಾರ್ಯಕ್ರಮ ಇಟಗೊಂಡೇವಿ, ಈ ಸಲ ನೀವ ಬರಬೇಕು, ನಿಮ್ಮ ಹೆಸರ ಮೊದಲ ಹಾಕ್ತೇವಿ ಅಂದ್ಲು. ರೇಣವ್ವನ ಕಣ್ಣ ತುಂಬಿದ್ವು. ತುಟಿ ಅಲ್ಲಾಡಿದ್ವು. ಏನೋ ಹೇಳಿದ್ಲು, ಭಾಳ ಹೇಳಿದ್ಲು. ಉಸರು ಅಷ್ಟ ಹೊರಗ ಬಂತು.

"ರೇಣವ್ವಾರ, ಮಾತಾಡ್ರಿ," ಅಂತು ಫೋನು. "ಏನೂ ಕೇಳವಲ್ದು. ನಿಮ್ಮ ಕಡೆ ನೆಟ್‌ವರ್ಕ್ ಇಲ್ಲ ಅನಸ್ತೈತಿ. ಹೊರಗ ಬಂದ ಮಾತಾಡ್ರಿ."

ರೇಣವ್ವ ಎದ್ದು ಅಂಗಳಕ್ಕ ಬಂದ್ಲು. ಬಿಸಿಲಿನ್ಯಾಗ ನಿಂತು ಮತ್ತ ಹೇಳಿದ್ಲು. ನೀರಿನ ಚರಗಿ ಹಿಡದು ಬಂದ ಸುಧಾರಾಣಿ ಹೊಸ್ತಿಲದಾಗ ನಿಂತು ಅದನ್ನ ನೋಡಿದ್ಲು. ಓಡಿ ಬಂದು ಫೋನ್ ಇಸಕೊಂಡು, ನಮ್ಮವ್ವ ಇನ್ನ ಹಾಡೂದಿಲ್ಲರಿ ಅಂತ ಹೇಳಿದ್ಲು. ಹುನಗುಂದದಾಕಿ ಆಗಲೇ ಫೋನ್ ಇಟ್ಟಿದ್ಲು.