ಆಕಾಶಕ್ಕೆ ಹೋದವನಿಗೆ ಮಗ್ಗ ನಿಲ್ಲಿಸಿದ ಕಾಕಾ

೧೯೭೨ರಲ್ಲಿ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು, ನೇಯ್ಗೆ ಕಲಿಯಲು ಬೇವೂರಿನಿಂದ ಇಳಕಲ್ಲಿಗೆ ಬಂದೆ. ಅಂದು ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕಾಕಾನ ಬಲಗೈ ಹೆಬ್ಬೆರಳು. ಎಳೆ ತಿಕ್ಕಿ ತಿಕ್ಕಿ ಅದರ ಚರ್ಮ ಸೀಳಿತ್ತು. ಸೀಳಿನೊಳಗೆ ಸೆರಗಿನ ಕೆಂಪು ಬಣ್ಣ ಕೂತು, ಈಗಷ್ಟೇ ಕೊಯ್ದುಕೊಂಡ ಹಾಗೆ ಕಾಣುತ್ತಿತ್ತು. ನಾನು ರಕ್ತ ಅಂದುಕೊಂಡೆ. "ಬಣ್ಣ ಅದು. ನಿನಗೂ ಹತ್ತತೈತಿ, ಬಾ," ಅಂದರು.

ಅವರು ನನಗೆ ರಕ್ತಸಂಬಂಧಿಯಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಮಕ್ಕಳಿರಲಿಲ್ಲ. ಮನೆಯಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ. ಒಂದು ಅವರದು, ಇನ್ನೊಂದರಲ್ಲಿ ನಾನು ಕೈ ತಿದ್ದಿಕೊಂಡೆ. ನೇಯ್ದದ್ದು ಕೆಟ್ಟರೆ ಅವರು ಬೈಯುತ್ತಿರಲಿಲ್ಲ. ಬೆರಳಿನಿಂದ ಬಟ್ಟೆ ಸವರಿ, "ಬಿಚ್ಚು," ಅನ್ನುತ್ತಿದ್ದರು, ಅಷ್ಟೇ. ಬೈದಿದ್ದರೆ ಬೇಗ ಮರೆಯುತ್ತಿದ್ದೆ. ಆ ಒಂದು ಮಾತು ಕೇಳಬಾರದೆಂದೇ ನಾನು ಕೆಲಸ ಕಲಿತೆ. ಸಾಲಿ ಬಿಟ್ಟದ್ದಕ್ಕೆ ನನಗೆ ಎಂದೂ ನಾಚಿಕೆ ಆಗಿಲ್ಲ. ನಾನು ನೇಯ್ದ ಸೆರಗನ್ನು ತಿರುಗಿಸಿ ನೋಡಿದವರು ಕುಂದು ಹೇಳದೆ ಮಡಚಿದ್ದಾರೆ.

ಕಾಕಾನ ಮಗ್ಗದ ಎದುರಿನ ಗೋಡೆಯಲ್ಲಿ, ದೇವರ ಫೋಟೋದ ಪಕ್ಕಕ್ಕೆ, ಹಳೆಯ ಪೇಪರಿನಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಆಕಾಶನೌಕೆಯಿಂದ ಹೊರಗೆ ಬಂದು ಹಗ್ಗದ ತುದಿಯಲ್ಲಿ ತೇಲುವ ಮನುಷ್ಯ. ಪರದೇಶದವ, ಭೂಮಿ ಬಿಟ್ಟು ಮೇಲೆ ಹೋದ ಮೊದಮೊದಲಿನವರಲ್ಲಿ ಒಬ್ಬ. ಮನೆಗೆ ಬಂದವರೆಲ್ಲ ಅವನ ಕೊಡದಂಥ ಟೊಪ್ಪಿಗೆ ನೋಡಿ ನಗುತ್ತಿದ್ದರು. ಕಾಕಾ ನೋಡುತ್ತಿದ್ದದ್ದು ಹಗ್ಗವನ್ನು. ಅದಕ್ಕೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರು, ತುದಿಗೆ ಎಂಥ ಗಂಟು ಹಾಕಿದ್ದಾರು, ಆ ಗಂಟು ಹಾಕಿದವನಿಗೆ ಇವನು ಮರಳಿ ಬರುವ ತನಕ ಊಟ ಸೇರಿದ್ದೀತೇ ಎಂದು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? "ಇಷ್ಟು ಧೈರ್ಯ ನಮಗಿದ್ರ ಸಾಕಲೇ," ಎಂದು ತಾವೇ ಮಾತು ಮುಗಿಸಿ ಲಾಳಿ ಹೊಡೆಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ನನ್ನ ತಂಗಿಯ ಮದುವೆ ಬಾದಾಮಿಯ ಕಡೆ ಗೊತ್ತಾಯಿತು. ಅಷ್ಟೊತ್ತಿಗೆ ನಾನು ಮೀಸೆ ಬಂದ ನೇಕಾರ. ಮದುವೆಯ ಸೀರೆ ನಮ್ಮ ಕೈಯಿಂದಲೇ ಆಗಬೇಕೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ರೇಶ್ಮೆ ಎಳೆ ಬೇರೆ. ಎರಡನ್ನೂ ಒಂದೊಂದೇ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೆ ಮೂವರು ಕೂರಬೇಕು. ಕಾಕಾ, ಕಾಕು, ನಾನು ಕೂತಿದ್ದೆವು. ಅರ್ಧ ಜೋಡಣೆ ಮುಗಿದಿತ್ತು. ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಬಂತು. ಆ ಚಿತ್ರದ ಮನುಷ್ಯ ತೀರಿಕೊಂಡಿದ್ದ.

ಕಾಕಾ ಕೈಯಲ್ಲಿದ್ದ ಎಳೆಯನ್ನು ಮೆಲ್ಲಗೆ ಇಳಿಸಿ ಎದ್ದರು. ನಮ್ಮ ಓಣಿಯ ರೂಢಿ ಹಾಗೆ: ಯಾರಾದರೂ ಸತ್ತರೆ ಹೆಣ ಎತ್ತುವ ತನಕ ಯಾರ ಮನೆಯ ಮಗ್ಗವೂ ಆಡುವುದಿಲ್ಲ, ಯಾರೂ ಎಳೆ ಮುಟ್ಟುವುದಿಲ್ಲ.

"ಕಾಕಾ, ಅಂವೇನು ನಮ್ಮ ಓಣ್ಯಾಂವೇನ್ರಿ?" ಅಂದೆ.

"ಎಳಿ ನಂಬಿ ಜೀವಾ ಇಟ್ಟಾಂವ," ಅಂದರು. "ಅಂವ ನೇಕಾರನಲ್ಲದ ಮತ್ತ್ಯಾರು?"

ಹೆಣ ಯಾವಾಗ ಎತ್ತುತ್ತಾರೆ? ರೇಡಿಯೋ ಅದನ್ನು ಹೇಳಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಪ್ರತಿ ವಾರ್ತೆಗೂ ಕಿವಿ ಕೊಟ್ಟರು. ಒಂದು ದಿನ ಹೋಯಿತು, ಇನ್ನೊಂದೂ ಹೋಯಿತು. ಮದುವೆ ಹತ್ತಿರ ಬರುತ್ತಿತ್ತು. ಜೋಡಣೆ ಮುಗಿದ ಮೇಲೂ ನೇಯುವುದು ಬಾಕಿ. ಓಣಿಯ ತುದಿಯ ಚಹಾದಂಗಡಿಯವ ನನ್ನನ್ನು ಕಂಡಾಗಲೆಲ್ಲ, "ಏನಲೇ, ನಿಮ್ಮ ಬೀಗರ ಹೆಣ ಇನ್ನೂ ಎದ್ದಿಲ್ಲೇನು?" ಎಂದು ಚೇಷ್ಟೆ ಮಾಡುತ್ತಿದ್ದ. ಸಿಟ್ಟು ಬಂದು ನಾನು ಕಾಕಾನಿಗೆ, ನೀವು ಕೂರದಿದ್ದರೆ ಎಳೆಗಳನ್ನು ಬೇರೆಯವರ ಮನೆಗೆ ಒಯ್ಯುತ್ತೇನೆ ಅಂದೆ. ಅವರು ತಲೆ ಎತ್ತದೆ, "ಒಯ್ಯಿ. ಹಾಕಿದ ಕೊಂಡಿ ಬಿಚ್ಚಬ್ಯಾಡ, ಭಾಳ ಚಲೋ ಕೂತಾವ," ಅಂದರು. ಆಮೇಲೆ ಹೇಗೆ ಒಯ್ಯಲಿ? 

ಸೀರೆ ಎಲ್ಲಿಗೆ ಬಂತೆಂದು ನೋಡಲು ಬೇವೂರಿನಿಂದ ಅವ್ವ, ತಂಗಿ ಬಂದರು. ಮದುವೆಯ ಸೀರೆ ಸಾವಿಗಾಗಿ ನಿಂತದ್ದು ಕೇಳಿ ಅವ್ವ ಬಾಗಿಲಲ್ಲೇ ಕುಸಿದು ಅಳಲು ಶುರು ಮಾಡಿದಳು. ಬೀಗರಿಗೆ ತಿಳಿದರೆ ಗತಿ ಏನು, ಹಸಿರು ಬಳೆ ಇಟ್ಟುಕೊಳ್ಳುವ ಹುಡುಗಿಗೆ ಇದೆಂಥ ಅಪಶಕುನ ಎಂದು ಕಾಕುವಿನ ಕೈ ಹಿಡಿದು ಕೇಳಿದಳು. ಕಾಕುವಿನ ಕಣ್ಣೂ ತುಂಬಿತು. ಕಾಕಾ ಎದ್ದು ನಿಂತರು. ಆದರೆ ಮಗ್ಗದ ಕಡೆ ಕಾಲು ಬರಲಿಲ್ಲ. ರೂಢಿ ಮುರಿಯಲಾರದೆ, ಹುಡುಗಿಯ ಮುಖ ನೋಡಲಾರದೆ, ಆ ಗಟ್ಟಿ ಮನುಷ್ಯ ಕಂಬ ಹಿಡಿದುಕೊಂಡರು.

ಆಗ ನನ್ನ ತಂಗಿ ಹೋಗಿ ಗೋಡೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ತಿರುಗಿ ಹೇಳಿದಳು: "ಕಾಕಾ, ಅವರೂರಾಗ ಯಾವಾಗ ಎತ್ತತಾರೋ ನಮಗ ಯಾರು ಹೇಳ್ಬೇಕ್ರಿ? ನಮ್ಮಾಂವ ಅಂದ ಮ್ಯಾಲೆ ನಾವ ಕಳಿಸಿ ಬರೂಣು, ನಡೀರಿ."

ಕಾಕಾ ಅವಳನ್ನೇ ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ ಹೊರಟರು. ನಾನು ಹಿಂದೆ ಹೋದೆ. ಹೆಣವಿಲ್ಲ, ಚಟ್ಟವಿಲ್ಲ, ನಡುಹಗಲು ಇಬ್ಬರು ಗಂಡಸರು ಸಾವಿನ ನಡಿಗೆಯಲ್ಲಿ ಓಣಿ ದಾಟುವುದನ್ನು ಕಂಡು ಜನ ಬಾಗಿಲಿಗೆ ಬಂದರು. ಮೊದಲು ಯಾರೋ ನಕ್ಕರು. ಕಾಕಾನ ಬರಿ ತಲೆ ಕಂಡು ಸುಮ್ಮನಾದರು. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಹಿಂದೆ ಸೇರಿದರು. ಚಹಾದಂಗಡಿಯವನೂ ಒಲೆ ಆರಿಸಿ ಬಂದ.

ಓಣಿ ಮುಗಿದು ಬಯಲು ಬರುವಲ್ಲಿ ಕಾಕಾ ನಿಂತರು. ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಹೋಗಪಾ ತಮ್ಮಾ," ಅಂದರು. "ಈ ಸಲ ಹಗ್ಗದ ಗರಜಿಲ್ಲ."

ಮರಳಿ ಬಂದು ಸ್ನಾನ ಮಾಡಿ ಎಳೆಗೆ ಕೂತರು. ಮೂರನೆಯ ಜಾಗದಲ್ಲಿ ಕಾಕು ಕೂರುವ ಮೊದಲೇ ನನ್ನ ತಂಗಿ ಕೂತಿದ್ದಳು. ಮದುಮಗಳು ತನ್ನ ಸೀರೆಗೆ ತಾನೇ ಕೊಂಡಿ ಹಾಕಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅವ್ವ ಒಳಗೆ ರೊಟ್ಟಿ ಬಡಿದಳು. ಸೀರೆ ವೇಳೆಗೆ ಸರಿಯಾಗಿ ಮುಗಿಯಿತು. ಬಾದಾಮಿಯಲ್ಲಿ ಬೀಗಿತಿ ಸೆರಗು ಎತ್ತಿ ಹಿಂದೆ ಮುಂದೆ ನೋಡಿ, ಜೋಡಿಸಿದ ಜಾಗ ಎಲ್ಲಿ ಅಂತ ಕೇಳಿದಳು. ಕಾಕಾ ಊಟದ ಪಂಕ್ತಿಯಲ್ಲಿದ್ದರು. ಕೇಳಿಯೂ ಕೇಳದವರ ಹಾಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಎಂಬತ್ತರ ದಶಕದ ನಡುವೆ ಎದೆನೋವು ಬಂದು ಹುನಗುಂದದ ದವಾಖಾನೆಯಲ್ಲಿ ಅವರು ತೀರಿಕೊಂಡರು. ಮೂರು ಹೊತ್ತು ತಿನ್ನುವ ಅನ್ನ ಅವರು ಕಲಿಸಿದ್ದು. ನಂಬಿದ್ದನ್ನು ನಾಲ್ಕು ಜನ ನಕ್ಕರೂ ಬಿಡಬಾರದು, ಹಾಗಂತ ಇನ್ನೊಬ್ಬರ ಕಣ್ಣೀರು ಕಾಣದಷ್ಟು ಬಿಗಿಯಾಗಿಯೂ ಹಿಡಿಯಬಾರದು. ಈ ಎರಡನೆಯದನ್ನು ಅವರು ಕಲಿತದ್ದು ನನ್ನ ತಂಗಿಯಿಂದ, ಎರಡನ್ನೂ ನಾನು ಕಲಿತದ್ದು ಅವರಿಂದ.

ಈಗ ನನಗೆ ಮೂರು ಖೋಲಿಯ ಮನೆ ಇದೆ. ಮಗ್ಗ ನಾಲ್ಕು, ಎಮ್ಮೆ ಒಂದು. ಮಗ ಬಾಗಲಕೋಟೆಯಲ್ಲಿ ಓದುತ್ತಾನೆ, ಮಗಳು ನೇಯುತ್ತಾಳೆ.