ಹನ್ನೊಂದು ಪಿನ್ನಿನ ಸೀರೆ

ಕೊರೊನಾ ಕಳೆದು ಹಳ್ಳಿಗಳಲ್ಲಿ ನಾಟಕಗಳು ಮತ್ತೆ ಶುರುವಾದ ವರ್ಷ. ಬಿ.ಎ. ಮುಗಿಸಿದ ನಾನು ನಂಜನಗೂಡಿನಲ್ಲಿ ನಾಟಕದ ಮೇಕಪ್, ಡ್ರೆಸ್ ಕೆಲಸಕ್ಕಿಳಿದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಕವಲಂದೆ ಕಡೆಯ ಹಳ್ಳಿಯೊಂದರಲ್ಲಿ ಮಧ್ಯಾಹ್ನದ ಹಾಸ್ಯ ನಾಟಕ.

ಇಂಥ ನಾಟಕಗಳಲ್ಲಿ ಸೀರೆಯುಟ್ಟು ಬಂದವನು ಗಂಡಸೆಂದು ಇಡೀ ಊರಿಗೆ ಗೊತ್ತಿರುತ್ತದೆ. ಗೊತ್ತಾಗದಿರುವುದು ವೇದಿಕೆಯ ಮೇಲಿನ ಜಿಪುಣ ಸಾಹುಕಾರನೊಬ್ಬನಿಗೆ. ಎತ್ತಿನಂಥ ಭುಜ ಕಂಡೂ ಅವನು ಮರುಳಾಗುತ್ತಾನೆ. ಕೊನೆಗೆ ಅವನೆದುರು ಗುಟ್ಟು ರಟ್ಟಾಗಲು ಒಂದೇ ಎಳೆತಕ್ಕೆ ಸೀರೆ ಕಳಚಬೇಕು. ಅದಕ್ಕಾಗಿ ನೆರಿಗೆಗಳನ್ನು ಮೊದಲೇ ಹೊಲಿದು, ಸೊಂಟದ ಒಂದೇ ಹುಕ್ಕಿನ ಮೇಲೆ ಇಡೀ ಸೀರೆ ನಿಲ್ಲಿಸುತ್ತೇವೆ.

ಅಂದಿನ ಹೆಣ್ಣುವೇಷ ಡೈರಿ ಕಾರ್ಯದರ್ಶಿ ಮಾದಪ್ಪನವರದು.

“ಮೀಸೆ ಮಾತ್ರ ಮುಟ್ಬೇಡಿ ಸಾ. ಬೇಕಾರೆ ತಲೆ ಬೋಳ್ಸಿ.”

ಸರಿ, ಸೆರಗನ್ನು ತಲೆಗೂ ಕತ್ತಿಗೂ ಸುತ್ತಿ, ಅಂಚನ್ನು ಬಾಯಿಗೆ ಅಡ್ಡ ಹಿಡಿಯಲು ಹೇಳಿದೆ. ಅಷ್ಟರಲ್ಲಿ ಅವರು ಪರದೆ ಸರಿಸಿ ಇಣುಕಿದರು.

“ಬೀಗ್ರು ಮುಂದ್ಗಡೆನೇ ಕೂತವ್ರೆ! ನಡುಮಧ್ಯೆನೇ ಸೀರೆ ಜಾರುದ್ರೆ ಮಗಳ ಮನೆಗೆ ಎಂಗ್ ಓಗ್ಲಿ? ಇನ್ನೊಂದೆರಡು ಪಿನ್ ಆಕಿ ಸಾ.”

ಸೊಂಟ, ಭುಜ, ಕತ್ತು ಎಂದು ಹಾಕುತ್ತ ಹಾಕುತ್ತ ಹನ್ನೊಂದಾದವು. ಕೊನೆಯ ದೃಶ್ಯಕ್ಕೆ ಮೊದಲು ಬಿಚ್ಚಿದರಾಯಿತು ಎಂದುಕೊಂಡೆ.

ಎರಡನೆಯ ದೃಶ್ಯದಲ್ಲಿ ಅವರು ನಾಚುತ್ತ ಹಿಂದೆ ಸರಿದರು. ಸೆಖೆಗೆಂದು ವೇದಿಕೆಯ ಪಕ್ಕದಲ್ಲಿಟ್ಟಿದ್ದ ದೊಡ್ಡ ಸ್ಟ್ಯಾಂಡ್ ಫ್ಯಾನಿಗೆ ಜಾಲರಿ ಇರಲಿಲ್ಲ. ಬೆನ್ನ ಹಿಂದೆ ಇಳಿಬಿದ್ದಿದ್ದ ಸೆರಗಿನ ತುದಿ ಅದಕ್ಕೆ ಸಿಕ್ಕಿ ಸುತ್ತಿಕೊಂಡಿತು. ಕತ್ತಿನ ಸುತ್ತು ಬಿಗಿಯಿತು. ಮಾದಪ್ಪನವರು ಬಗ್ಗಿ ಒಂದು ಕೈ ಬೀಸತೊಡಗಿದರು.

“ಏನಮ್ಮಿ, ಇಷ್ಟ್ಕೇ ಓಡೋಯ್ತಿಯಾ?” ಎಂದ ಸಾಹುಕಾರ. ಜನ ಶಿಳ್ಳೆ ಹೊಡೆದರು. ಪಕ್ಕದಲ್ಲಿ ನಿಂತಿದ್ದ ನಾನೂ ನಕ್ಕೆ.

ಆಗ ಬಾಯಿಗೆ ಅಡ್ಡವಿದ್ದ ಇನ್ನೊಂದು ಕೈ ಕೆಳಗೆ ಬಿತ್ತು. ಮೀಸೆ ಕಂಡಿತು. ಜನ ಇನ್ನೂ ಜೋರಾಗಿ ನಕ್ಕರು. ಕೊನೆಯ ದೃಶ್ಯಕ್ಕೆ ಮೊದಲೇ ಬೀಗರೆದುರು ಮಾದಪ್ಪನವರು ತಾವಾಗಿ ಮೀಸೆ ತೋರಿಸುವವರಲ್ಲ. ಇದು ನಟನೆಯಲ್ಲವೆಂದು ನನಗೆ ಹೊಳೆದದ್ದು ಆಗಲೇ.

ಓಡಿ ಪ್ಲಗ್ ಕಿತ್ತೆ. ಫ್ಯಾನ್ ನಿಂತರೂ ಸುತ್ತು ಸಡಿಲವಾಗಲಿಲ್ಲ. ನಾನೇ ಹಾಕಿದ ಪಿನ್ನುಗಳು ನನ್ನ ಬೆರಳಿಗೇ ಬಿಚ್ಚಿಕೊಳ್ಳಲಿಲ್ಲ. ಜೇಬಿನಲ್ಲಿದ್ದ, ಗಡ್ಡದ ಕೂದಲು ಕತ್ತರಿಸುವ ಕತ್ತರಿಯಿಂದ ಸೀರೆ ಕತ್ತರಿಸಿದೆ.

ಉಸಿರು ಬಂದ ಮೇಲೆ ಅವರ ಮೊದಲ ಮಾತು: “ಬೀಗ್ರಿಗೆ ಮೀಸೆ ಕಾಣ್ತಾ ಸಾ?”

ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದವರು ಆ ಬೀಗರೇ. “ಕಾಣ್ತು ಬುಡಿ ಬೀಗ್ರೆ. ಮೊದ್ಲು ನೀರ್ ಕುಡೀರಿ.”

ವೇಷದವರನ್ನು ವೇದಿಕೆಗೆ ಬಿಡುವ ಮೊದಲು ವೇಷ ಎಷ್ಟು ಬೇಗ ಕಳಚುತ್ತದೆಂದು ಈಗ ಮೂರು ಸಲ ಕಳಚಿ ನೋಡುತ್ತೇನೆ. ಕತ್ತಿನ ಹತ್ತಿರ ಪಿನ್ ಹಾಕುವುದಿಲ್ಲ. ಆದರೂ ಅಂದು ನಾನು ನಕ್ಕ ಆ ಮೂರ್ನಾಲ್ಕು ಕ್ಷಣ ನನ್ನನ್ನು ಬಿಟ್ಟುಹೋಗಿಲ್ಲ. ಜನ ಜೋರಾಗಿ ನಕ್ಕಾಗಲೆಲ್ಲ ನಾನು ನಗುವ ಮೊದಲು ವೇಷದವನ ಕೈ ನೋಡುತ್ತೇನೆ.