ಬೀಗದಣ್ಣ ಕೊಂಡ ಬೀಗ

ಬೀಗದಣ್ಣನ ಬೆರಳ ತುದಿಗಳಲ್ಲಿ ರೇಖೆಗಳೇ ಉಳಿದಿರಲಿಲ್ಲ. ಮೀಸೆ ಮೂಡುವ ಮೊದಲೇ ಸೋದರಮಾವ ಅವನ ಕೈಗೆ ಅರ ಕೊಟ್ಟು ಕೂರಿಸಿದ್ದ. ಅಂದಿನಿಂದ ಹಿತ್ತಾಳೆ, ಉಕ್ಕು ಉಜ್ಜಿ ಉಜ್ಜಿ, ಕೀಲಿಕೈಗಳ ಹಲ್ಲಿನ ಜೊತೆಗೆ ಅವನ ಚರ್ಮವೂ ಸವೆದು ಹೊಳೆಯ ಕಲ್ಲಿನ ಹಾಗೆ ನುಣುಪಾಗಿತ್ತು. ಒಮ್ಮೆ ಗುರುತಿನ ಚೀಟಿ ಮಾಡಿಸಲು ಹೋದಾಗ ಕಚೇರಿಯ ಹೆಂಗಸು ಅವನ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿ ಒತ್ತಿಸಿ ಸುಸ್ತಾಗಿ, "ಏನ್ರೀ, ನಿಮ್ಮ ಬೆರಳಲ್ಲಿ ಏನೂ ಬರೆದೇ ಇಲ್ವಲ್ಲ" ಎಂದಿದ್ದಳು. ಅದನ್ನು ಅವನು ಬೀದಿಗೆಲ್ಲ ಹೇಳಿಕೊಂಡು ನಕ್ಕಿದ್ದ. ನಗುವ ಬದಲು ನೆನಪಿಟ್ಟುಕೊಳ್ಳಬೇಕಿತ್ತು.

ಅವನ ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಪಕ್ಕದ್ದು ಗಡಿಯಾರ ರಿಪೇರಿಯ ಅಂಗಡಿ. ನಡುವೆ ಒಂದು ಹಲಗೆ, ಹಲಗೆಯಲ್ಲೊಂದು ಸಂದು. ಆ ಸಂದಿನಲ್ಲಿ ಚಹಾದ ಲೋಟ, ಸಣ್ಣ ಸ್ಕ್ರೂಡ್ರೈವರು, ಊರ ಮೇಲಿನ ಸುದ್ದಿ ಎಲ್ಲವೂ ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದವು. ಗಡಿಯಾರದವನು ಅವನಿಗಿಂತ ಸ್ವಲ್ಪ ಚಿಕ್ಕವನು, 'ಅಣ್ಣ' ಎಂದೇ ಕರೆಯುತ್ತಿದ್ದವನು.

ಬೀಗ ತೆಗೆಯಲು ಕರೆದರೆ ಬೀಗದಣ್ಣ ಹೋಗುತ್ತಿದ್ದ. ಆದರೆ ಮನೆಯವರು ಪಕ್ಕದಲ್ಲಿ ನಿಂತಿರಬೇಕು, ತಾನು ತೆಗೆದ ಬಾಗಿಲನ್ನು ಅವರೇ ತಳ್ಳಬೇಕು. ಹೊಸಿಲು ದಾಟಿ ಒಳಗೆ ಇಣುಕಿದವನೂ ಅಲ್ಲ. ವಿದ್ಯೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಬೀಗಗಳ ಬಗ್ಗೆ ಮಾತ್ರ ಕಿಂಚಿತ್ತೂ ಗೌರವವಿರಲಿಲ್ಲ.

"ತೂತು ಇರೋ ಬೀಗ ಯಾವ್ದಾದ್ರೂ ಕೊಡು, ತೆಗೀತೀನಿ" ಎನ್ನುತ್ತಿದ್ದ. "ನಾನು ತೆಗೀತೀನಿ ಅಂದ್ಮೇಲೆ ಇನ್ನೊಬ್ಬನೂ ತೆಗೀತಾನೆ. ಬೀಗ ಅನ್ನೋದು ಮರ್ಯಾದಸ್ಥರಿಗೆ ಹಾಕಿರೋ ಬೋರ್ಡು ಅಷ್ಟೆ ಕಣೋ."

ಹೆಂಡತಿ ಮನೆಯಲ್ಲಿ ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ, ಬೀದಿಯ ಮಕ್ಕಳ ಎದೆಯ ಅಳತೆ, ತೋಳಿನ ಅಳತೆ ಎಲ್ಲ ಅವಳಿಗೆ ಬಾಯಿಪಾಠ. ಒಂದು ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅವಳು ಹೊಲಿದು ಕೊಟ್ಟ ಅಂಗಿಗಳೆಲ್ಲ ವಾಪಸು ಬಂದವು. ಗುಂಡಿಗಳೆಲ್ಲ ಸರಿಯಾಗಿ ಕೂತಿದ್ದವು, ಕಾಜಾಗಳೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಆ ದಿನ ಬಿದ್ದು ಬಿದ್ದು ನಕ್ಕರು. ಮುಂದಿನ ತಿಂಗಳು ಅವಳು ತರಕಾರಿಗೆಂದು ಹೋದವಳು ಬರಲಿಲ್ಲ. ಲಾರಿಗಳು ಹಿಮ್ಮುಖವಾಗಿ ಬಂದು ಸರಕು ಇಳಿಸುವ ಗೋದಾಮಿನ ಅಂಗಳದಲ್ಲಿ, ಒಂದು ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಚಾಲಕ ಗಾಡಿ ಚಾಲೂ ಮಾಡಿ, ಏನೋ ಅನುಮಾನವಾಗಿ ಇಳಿದು ನೋಡಿದ್ದ. ಅವನು ಇಳಿಯದೇ ಹೋಗಿದ್ದರೆ ಎಂಬ ಯೋಚನೆ ಬೀಗದಣ್ಣನನ್ನು ಮತ್ತೆ ಬಿಡಲಿಲ್ಲ. ಅಂದಿನಿಂದ ಅವನ ಬದುಕಿಗೆ ಇದ್ದದ್ದು ಒಂದೇ ಗುರಿ: ತಾನಿಲ್ಲದ ಹೊತ್ತಿನಲ್ಲಿ ಅವಳು ಮನೆಯ ಹೊಸಿಲು ದಾಟಬಾರದು.

ವಸ್ತುಗಳು ಮನೆಗೆ ಬರತೊಡಗಿದ್ದು ಆಮೇಲೆ.

ಮೊದಲು ಬಂದದ್ದು ಕ್ಯಾಮೆರಾ. ಅದು ಕಂಡದ್ದನ್ನು ನೋಡಲು ಅಂಗಡಿಗೊಂದು ಕಂಪ್ಯೂಟರು, ಯಾರೋ ಬಳಸಿ ಬಿಟ್ಟದ್ದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅದನ್ನಿಟ್ಟ ಮೇಲೆ ಬೀಗದಣ್ಣನಿಗೇ ಕೂರಲು ಜಾಗ ಉಳಿಯಲಿಲ್ಲ. ಅದರ ಫ್ಯಾನು ಸದಾ ಗೊರಗೊರ ಎನ್ನುತ್ತಿತ್ತು. ಅವನು ಒಂದು ಕಣ್ಣು ಪರದೆಯ ಮೇಲಿಟ್ಟು ಅರ ಆಡಿಸಿದ, ಕೀಲಿಕೈಗಳು ಹಾಳಾದವು. ಒಂದು ಮಧ್ಯಾಹ್ನ ಅವಳು ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ತೆಗೆದು ಹೋಗುವುದನ್ನು ಪರದೆಯ ಮೇಲೆ ನೋಡಿದ. ಎದ್ದು ಓಡಿದ. ಬೀದಿ ತಲುಪುವಷ್ಟರಲ್ಲಿ ಅವಳು ಯಾವ ತಿರುವಿನಲ್ಲಿ ಹೋದಳೋ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಸಿಕ್ಕಿದಳು.

"ಹೋಗೋದು ಚೆನ್ನಾಗಿ ಕಾಣ್ಸುತ್ತೆ ಕಣೋ" ಎಂದ ಗಡಿಯಾರದವನಿಗೆ. "ತಡೆಯೋಕೆ ಮಾತ್ರ ಬರಲ್ಲ. ಇಷ್ಟು ಕಾಸು ಕೊಟ್ಟು ನಾನು ಕೊಂಡಿದ್ದು ಹೊಟ್ಟೆ ಉರ್ಕೊಳ್ಳೋದನ್ನ."

ಆಮೇಲೆ ಎಲ್ಲಿದ್ದಾಳೆಂದು ಫೋನಿಗೆ ತೋರಿಸುವ ಕೈಗಡಿಯಾರ ಬಂತು. ಅದನ್ನು ಅವಳು ಬಿಚ್ಚಿ ತಿರುಗಿಸಿ ನೋಡಿ, "ಯಾರದೋ ವಾಚು ರೀ. ಪಾಪ, ಹುಡುಕ್ತಿರ್ತಾರೆ" ಎಂದಳು. ಮಾರನೆಯ ದಿನ ಅದರ ಯಜಮಾನರಿಗೆ ತಲುಪಿಸಿ ಬರಲು ಹೊರಟೇಬಿಟ್ಟಳು. ಮನೆಮನೆ ಬಾಗಿಲು ತಟ್ಟಿದಳು. ಹೊರಗೆ ಹೋಗದಿರಲೆಂದು ತಂದದ್ದೇ ಅವಳನ್ನು ಹೊರಗೆ ಕಳಿಸಿತ್ತು. ಇನ್ನೊಂದು ಸಲ ಅದು ಅಕ್ಕಿ ಡಬ್ಬದೊಳಗೆ ಸಿಕ್ಕಿತು. ಯಜಮಾನರು ಬರುವವರೆಗೆ ಜೋಪಾನವಾಗಿರಲಿ ಎಂದು ಹೂತಿಟ್ಟಿದ್ದಳು.

ಕೊನೆಗೆ ಬಂದ ಮಾತಾಡುವ ಡಬ್ಬಿಯ ವಿಷಯ ಅವನು ಯಾರಿಗೂ ಹೇಳಲಿಲ್ಲ, ಗಡಿಯಾರದವನೊಬ್ಬನಿಗೆ ಬಿಟ್ಟು. ಅವಳು ಬಾಗಿಲ ಹತ್ತಿರ ಬಂದರೆ ಸಾಕು, ಅದು ಅವನ ದನಿಯಲ್ಲೇ "ಕೂತ್ಕೋ, ನಾನು ಬರ್ತೀನಿ" ಎನ್ನುತ್ತಿತ್ತು. ಅವನು ಮನೆಗೆ ಬಂದಾಗ ಅವಳು ಬೀರುವನ್ನು ಗೋಡೆಯಿಂದ ಎಳೆದು, ಹಿಂದೆ ಕೈ ಹಾಕಿ ತಡಕುತ್ತಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು.

"ಅವರು ಒಳಗೆ ಸಿಕ್ಕಾಕ್ಕೊಂಡಿದಾರೆ" ಎಂದಳು ಅವನಿಗೇ. "ಬೆಳಗ್ಗಿಂದ ಕೂಗ್ತಿದಾರೆ. ಸ್ವಲ್ಪ ಕೈ ಕೊಡಿ."

ಒಂದೊಂದೂ ಅಟ್ಟ ಸೇರಿತು, ಬಂದ ಪೆಟ್ಟಿಗೆಯಲ್ಲೇ. ವಾರಕ್ಕೊಮ್ಮೆ ಬರುತ್ತಿದ್ದ ನಾದಿನಿ ಅಟ್ಟದ ಕಡೆ ನೋಡಿ ಸುಮ್ಮನಿರುವವಳಲ್ಲ.

"ಏನು ಭಾವ, ಅಂಗಡಿ ಇಡೋ ಯೋಚನೆನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೀರಲ್ಲ. ಅಕ್ಕನ ಜೊತೆ ಇರೋಕೆ ಬೇಕಾಗಿರೋದು ಮನುಷ್ಯರು. ನಂಗೆ ಗೊತ್ತಿರೋ ಹೆಂಗಸೊಬ್ಬರಿದಾರೆ, ಕರ್ಕೊಂಡು ಬರ್ಲಾ?"

"ಗುರುತಿಲ್ಲದವರನ್ನ ಕಂಡ್ರೆ ಹೆದರ್ತಾಳೆ."

"ನಿಮ್ಮನ್ನ ಕಂಡ್ರೆ ಗುರುತಿದೆಯಾ?"

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು. ಅದರ ಮುಂದಿನ ವಾರವೇ ಅವನು ಬೀಗ ಕೊಂಡ.

ಅದಕ್ಕೆ ತೂತಿರಲಿಲ್ಲ. ಕರೀ ಗಾಜಿನ ಒಂದು ಬಿಲ್ಲೆ, ಬೆರಳಿಟ್ಟರೆ ಹಸಿರು ದೀಪ. ಇಲ್ಲವೇ ಫೋನಿನಲ್ಲಿ ಒತ್ತಬೇಕು. ಒಳಗಿನಿಂದಲೂ ಬೆರಳು ಕೇಳುವಂಥದ್ದನ್ನೇ ಅವನು ಆರಿಸಿದ್ದ. ತಪ್ಪು ಬೆರಳನ್ನು ಪದೇಪದೇ ಇಟ್ಟರೆ ಕಳ್ಳನೆಂದು ತಿಳಿದು ಕೆಂಪಾಗಿ, ಬಹಳ ಹೊತ್ತು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬೇರೆ ಯಾರಾದರೂ ಇಂಥದ್ದನ್ನು ತಂದಿದ್ದರೆ ಹಳೆಯ ಬೀಗವನ್ನೂ ಅದರ ಪಾಡಿಗೆ ಬಿಡುತ್ತಿದ್ದರು. ಬೀಗದಣ್ಣ ಬಿಡಲಿಲ್ಲ. ತೂತಿರುವ ಬೀಗ ಎಷ್ಟು ಸುಲಭವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳೆಯದನ್ನು ಕಿತ್ತ, ಚಿಲಕ ಕಿತ್ತ, ಹಳೆಯ ತೂತಿನ ಮೇಲೆ ಉಕ್ಕಿನ ತಗಡು ಬಡಿದ. ಕೀಲುಗಳನ್ನೂ ಬದಲಿಸಿದ. ತನಗಿಂತ ಜಾಣನಾದ ಕಳ್ಳನೊಬ್ಬನನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಕೆಲಸ ಅದು. ತನ್ನ ಬೆರಳನ್ನು ಒತ್ತಿ ಒತ್ತಿ ಹೇಗೋ ಬೀಗಕ್ಕೆ ಒಪ್ಪಿಸಿದ. ಹೆಂಡತಿಯದನ್ನು ಪರಿಚಯಿಸಲಿಲ್ಲ. ನಾದಿನಿಯದನ್ನೂ ಇಲ್ಲ, ಕೇಳಲು ಅಭಿಮಾನ ಅಡ್ಡ ಬಂತು.

ಮೊದಲ ವಾರ ಅವನು ನಿಶ್ಚಿಂತೆಯಿಂದ ಕೆಲಸ ಮಾಡಿದ. ಎರಡನೆಯ ವಾರ ಒಂದು ಸಂಜೆ ಮನೆಯ ಮುಂದೆ ನಿಂತು ಬೆರಳಿಟ್ಟ. ಕೆಂಪು. ಒರೆಸಿ ಇಟ್ಟ. ಕೆಂಪು. ಫೋನಿನಿಂದ ತೆಗೆದು ಒಳಗೆ ಹೋದರೆ, ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಬೆಳಗ್ಗೆ ಅವನು ಹೋಗುವಾಗ ನಿಂತ ಜಾಗದಲ್ಲೇ. ತಗಡಿನ ಮೇಲೆ ಅವಳ ಅಂಗೈ ಎತ್ತರಕ್ಕೆ ಒಂದು ಮಸುಕು ಮೂಡಿತ್ತು.

"ಈ ಬಾಗಿಲಿಗೆ ಕಣ್ಣು ಹೋಗಿದೆ ರೀ" ಎಂದಳು. "ಆಚೆ ಯಾರು ಬಂದ್ರೂ ಅದಕ್ಕೆ ಗೊತ್ತಾಗಲ್ಲ."

ಮಾರನೆಯ ದಿನ ಹಲಗೆಯ ಸಂದಿನಲ್ಲಿ ಚಹಾದ ಲೋಟ ಬಂದಾಗ ಅವನು ತೆಗೆದುಕೊಳ್ಳಲಿಲ್ಲ.

"ಕೇಳೋ. ಜೀವಮಾನದಲ್ಲಿ ಮೊದಲ್ನೇ ಸಲ ಒಂದು ಬೀಗ ನನ್ನ 'ಯಾರು ನೀನು' ಅಂತ ಕೇಳ್ತು."

"ಮತ್ತೆ ಏನಂದೆ ಅಣ್ಣ?"

"ಏನನ್ಲಿ? ನಾನು ಅಂತ ತೋರ್ಸೋಕೆ ಕೈಯಲ್ಲಿ ಏನೂ ಇಲ್ಲ." ನುಣುಪಾದ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡ. "ಅವಳಿಗೂ ನಾನು ಗೊತ್ತಿಲ್ಲ, ಅದಕ್ಕೂ ನಾನು ಗೊತ್ತಿಲ್ಲ. ಇಬ್ಬರ ಮಧ್ಯೆ ಚೆನ್ನಾಗಿ ಸಿಕ್ಕಿಕೊಂಡೆ."

"ಕಿತ್ತಾಕು ಅತ್ಲಾಗೆ."

"ಕೀಳ್ತೀನಿ. ತಂದಿದ್ದೆಲ್ಲ ತಪ್ಪೇ ಆಯ್ತು. ಆದ್ರೆ ಈ ತಪ್ಪು ಮಾತ್ರ ಅಟ್ಟದ ಮೇಲೆ ಕೂರೋ ಜಾತಿದಲ್ಲ."

ಕಟ್ಟಡ ಕೆಲಸದವರ ಬೀಗಗಳ ರಾಶಿ ಅಂಗಡಿಗೆ ಬಂದು ಬಿದ್ದಿತ್ತು. ಅದು ಮುಗಿಯಲಿ ಎಂದ. ಮುಗಿದ ಮೇಲೆ ಮನೆಯ ಹಳೆಯ ಬೀಗವನ್ನು ಅಂಗಡಿಗೆ ತಂದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಸ್ಪ್ರಿಂಗು ಹಾಕಿದ. ಅದಕ್ಕೆ ಮೂರು ಕೀಲಿಕೈ ಕಡೆದ. ತನಗೊಂದು. ನಾದಿನಿಗೊಂದು, ಅವಳಿಗೆ ತಾನಾಗಿಯೇ ಫೋನು ಮಾಡಿ, "ಆ ಹೆಂಗಸನ್ನ ಕರ್ಕೊಂಡು ಬಾಮ್ಮ, ನೋಡೋಣ" ಎಂದ. ಮೂರನೆಯದನ್ನು ಹಲಗೆಯ ಸಂದಿನಲ್ಲಿ ತೂರಿಸಿದ.

"ಇದು ನಿನ್ನ ಹತ್ರ ಇರ್ಲಿ. ರಜೆ ದಿನ ಬೆಳಗ್ಗೆ ಮನೆಗೆ ಬಾ, ಬಾಗಿಲು ಹಿಡ್ಕೊಳ್ಳೋಕೆ ಒಬ್ಬರು ಬೇಕು. ನಾನು ಅಷ್ಟೊತ್ತಿಗೆ ಅಂಗಡಿಯಿಂದ ಬೀಗ, ಸಾಮಾನು ತಂದಿರ್ತೀನಿ."

ಗಡಿಯಾರದವನು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ಹೊಸ ಹಿತ್ತಾಳೆ, ಇನ್ನೂ ಬೆಚ್ಚಗಿತ್ತು.

ರಜೆಯ ದಿನ ಬೆಳಗ್ಗೆ ಬೀಗದಣ್ಣ ಅಂಗಡಿಗೆ ಹೊರಡಲು ಅಂಗಿ ತೊಟ್ಟ. ಫೋನು ಇಟ್ಟ ಜಾಗದಲ್ಲಿರಲಿಲ್ಲ. ಹುಡುಕುವಾಗ ಎದೆಯ ಮೇಲೆ ಯಾರೋ ಮೊಣಕಾಲೂರಿದಂತಾಯಿತು. ಎಡಗೈ ಭಾರವಾಯಿತು, ಬೆನ್ನು ಬೆವರಿತು. ಗೋಡೆ ಹಿಡಿದು ಬಾಗಿಲವರೆಗೆ ಬಂದ. ಬೆರಳಿಟ್ಟ. ಬೆವರಿದ, ರೇಖೆಯಿಲ್ಲದ ಬೆರಳು. ಕೆಂಪು. ಅಂಗಿಗೆ ಒರೆಸಿ ಇಟ್ಟ. ಹೆಬ್ಬೆರಳು ಇಟ್ಟ, ಮತ್ತೆ ತೋರುಬೆರಳು. ಹಾಗೆ ಮಾಡಬಾರದೆಂದು ಅವನಿಗೆ ಗೊತ್ತಿತ್ತು. ಮಾಡದೆ ಇರುವುದು ಹೇಗೆಂದು ಗೊತ್ತಿರಲಿಲ್ಲ. ಬೀಗ ಒಮ್ಮೆ ಉದ್ದಕ್ಕೆ ಕಿರುಗುಟ್ಟಿ, ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನಾಯಿತು.

ಅವನು ಬಾಗಿಲಿಗೊರಗಿ ಕುಸಿದು ಕೂತ. ಅವಳು ಬಂದು ಎದುರಿಗೆ ಕೂತು, ಹಳೆಯ ಅಭ್ಯಾಸದಂತೆ ಅವನ ಭುಜದಿಂದ ಭುಜಕ್ಕೆ ಗೇಣು ಹಾಕಿ ಅಳೆದಳು.

ಆಚೆ ಚಪ್ಪಲಿಯ ಸದ್ದಾಯಿತು.

"ಅಣ್ಣಾ, ಅಂಗಡಿಗೆ ಹೋಗಿ ಬಂದೆ, ನೀನು ಇರ್ಲಿಲ್ಲ. ಇನ್ನೂ ಮಲಗಿದೀಯೇನು?"

"ಬಂದ್ಯಾ" ಎಂದ ಬೀಗದಣ್ಣ. "ಎದೆ ಹಿಡ್ಕೊಂಡಿದೆ ಕಣೋ."

"ಬಾಗಿಲು ತೆಗಿ!"

"ಕಳ್ಳ ಅಂತ ತೀರ್ಮಾನ ಮಾಡ್ಬಿಡ್ತು."

"ಫೋನೆಲ್ಲಿ?"

"ಎತ್ತಿಟ್ಟಿದಾಳೆ… ಎಲ್ಲೋ."

ಗಡಿಯಾರದವನು ಆಂಬುಲೆನ್ಸಿಗೆ ಹೇಳಿ, ಆಮೇಲೆ ಆ ಫೋನಿಗೆ ಕರೆ ಮಾಡಿದ. ಒಳಗೆ ಅಡುಗೆಮನೆಯಲ್ಲಿ, ಧಾನ್ಯದಡಿಯಿಂದ ಬರುವಂಥ ಮಂದ ದನಿಯಲ್ಲಿ ಅದು ಬಡಿದುಕೊಂಡಿತು. ಬೀಗದಣ್ಣ ಆ ಕಡೆ ತಿರುಗಿ ನೋಡಿದ. ಅಲ್ಲಿಗೆ ಹೋಗುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಆಚೆ ಅಕ್ಕಪಕ್ಕದವರು ಸೇರಿದರು, ಭುಜ ಕೊಟ್ಟು ಗುದ್ದಿದರು. ಬಾಗಿಲು ಅಲುಗಲಿಲ್ಲ, ಅಲುಗದಂತೆ ಮಾಡಿದವನು ಅದಕ್ಕೇ ಬೆನ್ನು ಕೊಟ್ಟು ಕೂತಿದ್ದ. ಯಾರೋ ವೆಲ್ಡಿಂಗಿನವನನ್ನು ಕರೆಯಲು ಓಡಿದರು. ಏನು ಮಾಡಬೇಕೆಂದು ತೋಚದೆ ಗಡಿಯಾರದವನು ಜೇಬಿನಿಂದ ಆ ಹಿತ್ತಾಳೆಯ ಕೀಲಿಕೈ ತೆಗೆದು, ತೂತಿಲ್ಲದ ಬಾಗಿಲ ಮುಂದೆ ಹಿಡಿದುಕೊಂಡು ನಿಂತಿದ್ದ. ಅದರ ಬೀಗ ಅಂಗಡಿಯ ಡ್ರಾಯರಿನಲ್ಲಿತ್ತು.

"ಅಣ್ಣಾ, ಮಾತಾಡ್ತಿರು."

"ಅವಳನ್ನ…" ಎಂದ ಬೀಗದಣ್ಣ. ಸ್ವಲ್ಪ ಹೊತ್ತಿನ ಮೇಲೆ, "ಬಾಗಿಲು ತೆಗೆದಾಗ ಅವಳು ಆಚೆ ಹೋಗ್ಬಿಡ್ತಾಳೆ. ನೋಡ್ಕೋ" ಎಂದ. ಆಮೇಲೆ ಏನೂ ಹೇಳಲಿಲ್ಲ.

ವೆಲ್ಡಿಂಗಿನವನು ಕಿಟಕಿಯ ಸರಳು ಕತ್ತರಿಸಿದ. ಮೊದಲು ಒಳಗಿಳಿದವನು ಗಡಿಯಾರದವನು. ಅವಳು ಬಾಗಿಲ ಬಳಿ, ಗಂಡನ ಪಕ್ಕ ನಿಂತಿದ್ದಳು. ಚಪ್ಪಲಿ ಮೆಟ್ಟಿ, ಸೆರಗು ಸರಿಮಾಡಿಕೊಂಡು ಹೊರಡಲು ಸಿದ್ಧವಾಗಿದ್ದಳು. ಕೈಯಲ್ಲಿ ಅಕ್ಕಿಯ ಹುಡಿ ಮೆತ್ತಿದ ಫೋನು.

"ಇದು ನಿಮ್ದಾ ನೋಡಿ" ಎಂದಳು. "ಆಗ್ಲಿಂದ ಯಾರೋ ಕರೀತಾನೇ ಇದಾರೆ. ಕೊಟ್ಟು ಬರೋಣ ಅಂದ್ರೆ ಇವರು ಬಾಗಿಲಿಗೆ ಅಡ್ಡ ಕೂತಿದಾರೆ."

ಆಂಬುಲೆನ್ಸು ಖಾಲಿಯಾಗಿಯೇ ಹಿಂತಿರುಗಿತು. ಆ ಬೀಗವನ್ನು ಕೀಳಲು ಮಧ್ಯಾಹ್ನದವರೆಗೆ ಹಿಡಿಯಿತು. ವೆಲ್ಡಿಂಗಿನವನು ತಗಡಿನ ಮೇಲೆ ಕೈಯಾಡಿಸಿ, "ಯಾರು ಹಾಕಿದ್ದು ಇದನ್ನ? ಕೆಲಸ ಅಂದ್ರೆ ಕೆಲಸ" ಎಂದ. ನಾದಿನಿ, "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು…" ಎಂದು ಶುರುಮಾಡಿದವಳು ಮಾತು ನುಂಗಿಕೊಂಡು, ಅಕ್ಕನ ಕಾಲಿನಿಂದ ಚಪ್ಪಲಿ ಬಿಡಿಸಿದಳು.

ಈಗ ಆ ಬಾಗಿಲಿಗೆ ಹಳೆಯ ಬೀಗವೇ ಇದೆ. ಹಾಕಿದವನು ಗಡಿಯಾರದವನು, ಸ್ವಲ್ಪ ಸೊಟ್ಟಗಿದೆ. ನಾದಿನಿ ಅಲ್ಲೇ ಇದ್ದಾಳೆ, ಅವಳು ಹೇಳಿದ ಹೆಂಗಸೂ ಬರುತ್ತಾಳೆ. ಸಂಜೆ ಹೊತ್ತು ಅಕ್ಕನ ಕೈ ಹಿಡಿದು ಗೋದಾಮಿನವರೆಗೂ ನಡೆಸಿಕೊಂಡು ಹೋಗಿ ಬರುತ್ತಾರೆ. ಕೆಲವು ದಿನ ಅವಳು ಹೊರಡುವ ಮುಂಚೆ ಬಗ್ಗಿ, ಬೀಗದ ತೂತಿಗೆ ಕಣ್ಣಿಟ್ಟು ಆಚೆ ನೋಡುತ್ತಾಳೆ.

"ಯಾರಿದಾರಕ್ಕ?" ಎಂದು ಕೇಳುತ್ತಾಳೆ ತಂಗಿ.

"ಯಾರೂ ಇಲ್ಲ" ಎನ್ನುತ್ತಾಳೆ. "ಇನ್ನೂ ಬಂದಿಲ್ಲ."